ಮೇಜಿನ ಪಕ್ಕದ ಜಾಗ

ಬಳ್ಳಾರಿ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಿಗ್ಗೆ ಎಂಟು ಗಂಟೆ. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗ ಇಂಜಿನ್ನಿನ ಮಸಿ ಬಿದ್ದು ನನ್ನ ಎಡಗಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಮೈಸೂರು ಬಿಟ್ಟಾಗ ಜಿಟಿಜಿಟಿ ಮಳೆ. ಇಲ್ಲಿ ಆ ಹೊತ್ತಿಗೇ ಸ್ಟೇಷನ್ನಿನ ಕಲ್ಲುಬೆಂಚು ಬಿಸಿಯಾಗಿತ್ತು. ಶ್ರಾವಣ ಬಂತೆಂದು ಈ ಊರಿಗೆ ಯಾರೂ ಹೇಳಿದಂತೆ ಕಾಣಲಿಲ್ಲ. ಜಟಕಾದವನು ನನ್ನ ಟ್ರಂಕು ಎತ್ತಿಕೊಂಡು, ಗಂಡಸರು ಯಾರಾದರೂ ಬರುತ್ತಾರೇನೋ ಎಂದು ನನ್ನ ಬೆನ್ನ ಹಿಂದೆ ನೋಡಿದ. "ಒಬ್ರೇ ಏನ್ರಮ್ಮಾ?" ಎಂದ. ಒಬ್ಬಳೇ ಎಂದೆ. ಮುಂದಿನ ಎಂಟು ದಿನ ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಯಿತು.

ನಾನು ಮೈಸೂರಿನ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಹದಿನೇಳು ವರ್ಷದಿಂದ ಟೀಚರು. ವಾಸವೂ ಅಲ್ಲಿನ ಹಾಸ್ಟೆಲ್ಲಿನಲ್ಲೇ. ಮದುವೆಯಾಗಲಿಲ್ಲ, ಯಾಕೆಂದು ಕೇಳುವವರು ಈಚೆಗೆ ಕಡಿಮೆಯಾಗಿದ್ದಾರೆ, ಅದೊಂದು ನೆಮ್ಮದಿ. ಎರಡು ವರ್ಷದಿಂದ ಒಂದು ಹೊಸ ಕೆಲಸ ಮೈಮೇಲೆ ಬಿದ್ದಿದೆ. ಕಿವಿ ಕೇಳದ, ಕಣ್ಣು ಮಂದವಾದ ಮಕ್ಕಳನ್ನು ದೂರದ ಹಾಸ್ಟೆಲ್ಲುಗಳಿಗೆ ಕಳಿಸುವ ಬದಲು ಅವರವರ ಊರಿನ ಶಾಲೆಯಲ್ಲಿ, ಉಳಿದ ಮಕ್ಕಳ ಜೊತೆಯಲ್ಲೇ ಕಲಿಸಬೇಕು; ಅದು ಹೇಗೆಂದು ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ತರಬೇತಿ ಕೊಡಬೇಕು. ಅದಕ್ಕಾಗಿ ನನ್ನನ್ನು ಜಿಲ್ಲೆ ಜಿಲ್ಲೆಗೆ ಕಳಿಸುತ್ತಾರೆ. ಹೋದ ವರ್ಷ ದಸರಾ ರಜೆಯಲ್ಲಿ ಬಳ್ಳಾರಿಗೆ ಬಂದಿದ್ದೆ. ಇದು ಎರಡನೆಯ ಸಲ.

ಜಟಕಾದವನು ಕರೆದುಕೊಂಡು ಹೋದ ಮೊದಲ ಲಾಡ್ಜಿನ ಮ್ಯಾನೇಜರು ಕೈಮುಗಿದೇ ಇಲ್ಲವೆಂದರು. "ಒಬ್ಬೊಬ್ರೇ ಹೆಣ್ಮಕ್ಳಿಗಿ ರೂಮ್ ಕೊಡಂಗಿಲ್ರಮ್ಮಾ. ತಪ್ಪು ತಿಳ್ಕಾಬ್ಯಾಡ್ರಿ." ಎರಡನೆಯ ಕಡೆ ಗಲ್ಲಾದ ಮೇಲೆ ಕೂತವರು ತಲೆ ಎತ್ತದೆ ತೆಲುಗಿನಲ್ಲಿ "ಖಾಳೀ ಲೇದಮ್ಮಾ" ಎಂದರು. ಅವರ ಹಿಂದಿನ ಹಲಗೆಯಲ್ಲಿ ಒಂಬತ್ತು ರೂಮುಗಳ ಬೀಗದ ಕೈಗಳು ಸಾಲಾಗಿ ತೂಗುತ್ತಿದ್ದವು. ಕೊನೆಗೆ ತರಬೇತಿ ನಡೆಯುವ ಶಾಲೆಯವರೇ ತಮ್ಮ ಖಾಲಿ ಹಾಸ್ಟೆಲ್ಲಿನ ಒಂದು ಕೋಣೆ ತೆರೆದುಕೊಟ್ಟರು. ಎಂಟು ಮಂಚಗಳ ಕೋಣೆ. ಕಿಟಕಿಯಿಂದ ಬಳ್ಳಾರಿ ಗುಡ್ಡ ಪೂರ್ತಿ ಕಾಣುತ್ತದೆ, ಒಂದು ಹುಲ್ಲೆಸಳೂ ಇಲ್ಲದ ಬಂಡೆ. ಸಂಜೆ ಆರಕ್ಕೆ ನಾನು ಆ ಎಂಟು ಮಂಚಗಳಲ್ಲಿ ಯಾವುದರ ಮೇಲೆ ಮಲಗಲಿ ಎಂದು ಬಹಳ ಹೊತ್ತು ಯೋಚಿಸಿದೆ. ಬೇರೆ ಕೆಲಸವೂ ಇರಲಿಲ್ಲ, ಮಾತಿಗೆ ಜನವೂ ಇರಲಿಲ್ಲ.

ತರಬೇತಿ ಮೂರು ದಿನ. ನಲವತ್ತೆರಡು ಜನ ಬಂದಿದ್ದರು. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಆ ಬಜ್ಜಿಯನ್ನು ಇಲ್ಲಿಯವರು ಬೆಲ್ಲ ತಿಂದ ಹಾಗೆ ತಿನ್ನುತ್ತಾರೆ. ನನಗೆ ಎಡಗಣ್ಣಿನ ಜೊತೆ ಬಲಗಣ್ಣಿನಲ್ಲೂ ನೀರು ಬಂತು. ಮೊದಲನೆಯ ದಿನ ಎಲ್ಲರ ಕಿವಿಗೂ ಹತ್ತಿ ತುರುಕಿಸಿ, ಬೋರ್ಡಿನ ಕಡೆ ಮುಖ ಮಾಡಿ ಮೆಲ್ಲಗೆ ಹತ್ತು ನಿಮಿಷ ಪಾಠ ಮಾಡಿದೆ. ಆಮೇಲೆ ತಿರುಗಿ ಪ್ರಶ್ನೆ ಕೇಳಿದೆ. ಒಬ್ಬರೂ ಉತ್ತರ ಹೇಳಲಿಲ್ಲ. "ನಿಮ್ಮ ತರಗತಿಯಲ್ಲಿ ಒಂದು ಮಗು ದಿನಾ ಹೀಗೆ ಕೂತಿರುತ್ತದೆ" ಎಂದೆ. ಈ ಆಟ ನನಗೆ ಪ್ರಿಯವಾದದ್ದು, ಯಾವ ಊರಿನಲ್ಲೂ ಸೋತಿಲ್ಲ.

ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಪಾಠ ಮಾಡಬೇಡಿ, ಮಗು ನಿಮ್ಮ ತುಟಿ ನೋಡಿ ಮಾತು ತಿಳಿಯಬೇಕು ಎಂದೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು: "ಹಂಗಂದ್ರ ಮೀಸಿನೂ ತೆಗೀಬೇಕೇನ್ರಿ ಮೇಡಂ?" ತುಟಿ ಮುಚ್ಚುವಷ್ಟಿದ್ದರೆ ಅಂಚು ಕತ್ತರಿಸಿ ಸಾಕು ಎಂದೆ. ಬೋರ್ಡಿನ ಮೇಲೆ, ಹೋದ ವರ್ಷದ ಹಾಗೆಯೇ, ಒಂದು ತರಗತಿಯ ಚಿತ್ರ ಬರೆದೆ: ಮೇಷ್ಟ್ರ ಮೇಜು, ಕುರ್ಚಿ, ಎದುರಿಗೆ ಮಕ್ಕಳ ಸಾಲುಗಳು. ಮೇಜಿನ ಪಕ್ಕದಲ್ಲಿ ಒಂದು ಸಣ್ಣ ಸುತ್ತು. "ಕಿವಿ ಕೇಳದ ಮಗುವಿನ ಜಾಗ ಇದು. ನಿಮ್ಮ ಪಕ್ಕದಲ್ಲೇ ಇರಲಿ. ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ." ನಲವತ್ತೆರಡು ಜನರೂ ಆ ಸುತ್ತನ್ನು ಪುಸ್ತಕಕ್ಕೆ ಇಳಿಸಿಕೊಂಡರು.

ಮೂರನೆಯ ದಿನ ಸಂಜೆ ಎಲ್ಲರೂ ಬಸ್ಸು ಹಿಡಿಯಲು ಓಡಿದ ಮೇಲೆ ಖಾಲಿ ಹಾಲಿನ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಹೋದ ವರ್ಷದ ತರಬೇತಿಗೆ ಬಂದಿದ್ದ ಹೊನ್ನೂರಪ್ಪ ಮೇಷ್ಟ್ರು. ಮನೆ ಸಿರುಗುಪ್ಪದಲ್ಲಿ, ಶಾಲೆ ದೇಶನೂರಿನ ಆಚೆಯ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ನಲವತ್ತು ದಾಟಿದ, ತೆಳ್ಳನೆಯ, ಸಂಕೋಚದ ಮನುಷ್ಯ. ಮೀಸೆಯ ಅಂಚು ನೀಟಾಗಿ ಕತ್ತರಿಸಿತ್ತು.

"ನಮ್ಮ ಹುಲಿಗೆಮ್ಮ ಸಾಲಿ ಬಿಟ್ಟಾಳ್ರಿ ಮೇಡಂ" ಎಂದರು.

ಹುಲಿಗೆಮ್ಮನ ವಿಷಯ ಹೋದ ವರ್ಷವೇ ಹೇಳಿದ್ದರು. ಹತ್ತು ವರ್ಷದ ಹುಡುಗಿ. ಐದು ವರ್ಷದವಳಿದ್ದಾಗ ಜ್ವರ ಬಂದು ಎರಡು ಕಿವಿಯೂ ಹೋಗಿವೆ. ಅಷ್ಟರೊಳಗೆ ಕಲಿತಿದ್ದ ಮಾತು ಅಷ್ಟಿಷ್ಟು ಉಳಿದಿದೆ. ತಂದೆ ಇಲ್ಲ. ತಾಯಿ ಎರ್ರೆಮ್ಮ ಕೂಲಿಗೆ ಹೋಗುತ್ತಾಳೆ. "ನೀವು ಹೇಳಿದ್ದೆಲ್ಲಾ ಮಾಡೀನ್ರಿ. ಒಂದೂ ಬಿಟ್ಟಿಲ್ಲ. ಮೂರು ತಿಂಗಳು ಬಂದ್ಲು, ಸಂಕ್ರಾಂತಿ ಆದಮ್ಯಾಲೆ ಬರವಲ್ಲಳು. ಈ ವರ್ಸ ಒಂದಿನಾನೂ ಬಂದಿಲ್ಲ. ಕರಿಯಾಕ ಹೋದ್ರ ಕಣಜದ ಹಿಂದ ಅಡಗ್ತಾಳ. ಈ ತಿಂಗ್ಳ ಕೊನಿಗಿ ಹೆಸರು ಹೊಡೀತೀನಿ ಅಂತಾರ ನಮ್ಮ ಹೆಡ್ ಮಾಸ್ತರು. ಆಕಿ ತಾಯಿ ನಿಮ್ಮ ಹಾಸ್ಟೆಲ್ಲಿಗೆ ಕಳಸಾಕ ತಯಾರದಾಳ. ಹೋಗೋ ಮುಂದ ನೀವೇ ಕರ್ಕಂಡ್ ಹೋಗ್ರಿ ಅಂತ ಕೇಳಾಕ ಬಂದೆ. ಅದಕ್ಕಿಂತ ಮುಂಚೆ ಒಂದ್ಸಲ ಬಂದು ನೋಡ್ರಿ. ನಾ ಎಲ್ಲಿ ತಪ್ಪೀನಿ, ನನಗ ಗೊತ್ತಾಗಬೇಕ್ರಿ."

ಶನಿವಾರ ಹಿಂತಿರುಗಬೇಕಿದ್ದವಳು ಸೋಮವಾರದವರೆಗೆ ಉಳಿಯಲು ಒಪ್ಪಿದೆ. ಮಕ್ಕಳು ಊರಿನಲ್ಲೇ ಕಲಿಯಬೇಕು ಎಂದು ಮೂರು ದಿನ ಭಾಷಣ ಮಾಡಿದವಳು ನಾನು. ಆದರೆ ಹುಡುಗಿ ನನ್ನ ಜೊತೆ ಬರುತ್ತಾಳೆ ಎಂದ ಕೂಡಲೇ ನನ್ನ ಮನಸ್ಸು ಹಿಗ್ಗಿತು. ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಪಕ್ಕದಲ್ಲೇ ಒಂದು ಮಂಚ ಖಾಲಿಯಿದೆ. ಅದನ್ನು ಒರೆಸಿಡಲು ವಾರ್ಡನ್ನರಿಗೆ ಆವತ್ತೇ ಕಾರ್ಡು ಹಾಕಿದೆ. ಬಜಾರಿಗೆ ಹೋಗಿ ಒಂದು ಸಣ್ಣ ಕಂಬಳಿಯನ್ನೂ ಕೊಂಡೆ. ಅಂಗಡಿಯವನು "ಈ ಸೆಕಿಯಾಗ ಕಂಬ್ಳಿ ಯಾರಿಗ್ರಮ್ಮಾ?" ಎಂದು ನಕ್ಕ. ಮೈಸೂರಿನಲ್ಲಿ ಚಳಿ, ನಮ್ಮ ಹುಡುಗಿಗೆ ಎಂದೆ. ನಮ್ಮ ಹುಡುಗಿ ಎಂಬ ಮಾತು ನನ್ನ ಬಾಯಿಂದ ಹೇಗೆ ಬಂತೋ.

ಗುರುವಾರ ಬೆಳಿಗ್ಗೆ ಕುರುಗೋಡಿಗೆ ಹೊರಟೆ. ಅಲ್ಲಿನ ಒಂದು ಶಾಲೆ ನೋಡುವುದು ಮೊದಲೇ ಗೊತ್ತಾಗಿದ್ದ ಕಾರ್ಯಕ್ರಮ. ಬಳ್ಳಾರಿಯಿಂದ ಹದಿನೇಳು ಹದಿನೆಂಟು ಮೈಲಿ. ಬಸ್ಸಿಗೆ ಒಂದೂವರೆ ಗಂಟೆ ಹಿಡಿಯಿತು. ಗಾಳಿ ಎಂದರೆ ಗಾಳಿ, ಕಿಟಕಿಯ ಗಾಜಿಲ್ಲದ ಬಸ್ಸಿನಲ್ಲಿ ಕೆಂಪು ಧೂಳು ಮುಖಕ್ಕೆ ರಾಚುತ್ತಿತ್ತು. ದಾರಿಯ ಊರುಗಳ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನಗಳು ಅರ್ಧಂಬರ್ಧ ಅಳಿಸಿದ್ದವು. ಪಕ್ಕದ ಸೀಟಿನಲ್ಲಿ ಬಂದು ಕೂತ ಒಬ್ಬ ಹೆಂಗಸು, ನನ್ನ ಜೊತೆ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ತನ್ನ ಮಡಿಲಿನ ಕೂಸನ್ನು ನನ್ನ ಮಡಿಲಿಗೆ ಹಾಕಿ ಕುರುಗೋಡು ಬರುವವರೆಗೂ ನಿದ್ದೆ ಹೊಡೆದಳು. ಇಳಿಯುವಾಗ ಕೂಸನ್ನು ವಾಪಸು ಕೊಟ್ಟು, ಒದ್ದೆಯಾದ ಸೀರೆಯನ್ನು ಗಾಳಿಗೆ ಹಿಡಿದುಕೊಂಡು ಶಾಲೆಯ ಕಡೆ ನಡೆದೆ.

ಕುರುಗೋಡಿನ ಗುಡ್ಡಗಳು ಊರಿನ ಬೆನ್ನಿಗೇ ಅಂಟಿಕೊಂಡಿವೆ. ಅವುಗಳ ಕೆಳಗಿನ ಆ ಶಾಲೆಯಲ್ಲಿ ಹಿಂದಿನ ದಿನವಷ್ಟೇ ನನ್ನ ತರಬೇತಿ ಮುಗಿಸಿ ಬಂದಿದ್ದ ಯುವತಿಯೊಬ್ಬಳು ಟೀಚರು. ತನ್ನ ಮೇಜಿನ ಪಕ್ಕ ನನಗೊಂದು ಸ್ಟೂಲು ಹಾಕಿಸಿದಳು. ನಾನು ಕೂತೆ. ಮಕ್ಕಳೆಲ್ಲ ಕಿಸಕ್ಕನೆ ನಕ್ಕವು. ನಗು ಒಂದು ಸಾಲಿನಿಂದ ಇನ್ನೊಂದಕ್ಕೆ ಹಬ್ಬಿತು. ಮಸಿ ಬಿದ್ದ ಕಣ್ಣು ನೋಡಿ ನಗುತ್ತಿವೆಯೇನೋ ಎಂದುಕೊಂಡೆ. ಟೀಚರ ಮುಖ ಕೆಂಪಗಾಯಿತು. "ತಪ್ಪು ತಿಳ್ಕಾಬ್ಯಾಡ್ರಿ ಮೇಡಂ. ಅದು ಉಡಾಳ್ರು ನಿಂದ್ರೋ ಜಾಗ. ಲೆಕ್ಕ ಮಾಡ್ಕಂಡು ಬರಲಾರ್ದೋರ್ನ ಕಿವಿ ಹಿಡಿಸಿ ಅಲ್ಲಿ ನಿಂದ್ರಸ್ತೀವಿ. ಈ ಕಡಿ ಎಲ್ಲಾ ಸಾಲಿಯಾಗೂ ಹಂಗೇರಿ." ನಾನೂ ನಕ್ಕುಬಿಟ್ಟೆ. ಕಿವಿ ಹಿಡಿದುಕೊಂಡು ತೋರಿಸಿದೆ, ಮಕ್ಕಳು ಇನ್ನಷ್ಟು ನಕ್ಕವು. ನನ್ನ ಬುದ್ಧಿ ಆ ಹೊತ್ತು ಎಲ್ಲಿ ಮೇಯಲು ಹೋಗಿತ್ತೋ ದೇವರೇ ಬಲ್ಲ.

ಸಿರಿಗೇರಿ ಮೇಲೆ ಹೋಗುವ ಮಧ್ಯಾಹ್ನದ ಬಸ್ಸು ಸಿರುಗುಪ್ಪ ಮುಟ್ಟಿದ್ದು ಸಂಜೆ ಐದಕ್ಕೆ. ಕಾಲುವೆ ನೀರು ಸಿಕ್ಕಲ್ಲಿಂದ ನೆಲದ ಬಣ್ಣವೇ ಬೇರೆ. ಕೆಂಪು, ಕಪ್ಪು ಹೋಗಿ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಹೊನ್ನೂರಪ್ಪ ಮೇಷ್ಟ್ರು ಸೈಕಲ್ಲು ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಅವರ ಮನೆಯಲ್ಲೇ ಇಳಿದುಕೊಂಡೆ. ಹೆಂಡತಿ, ನಾಲ್ಕು ಮಕ್ಕಳು, ತಮ್ಮ, ತಮ್ಮನ ಹೆಂಡತಿ. ಒಬ್ಬರ ಮಾತು ಮುಗಿಯುವುದರೊಳಗೆ ಇನ್ನೊಬ್ಬರು ಮಾತು ಶುರುಮಾಡುವ ಮನೆ. ಬಿಸಿ ಅನ್ನ, ಗೊಡ್ಡು ಖಾರದ ಸಾರು ಹಾಕಿ ಪ್ರೀತಿಯಿಂದ ಬಡಿಸಿದರು. ಎಂಟು ಮಂಚದ ಕೋಣೆಗಿಂತ ಈ ತುಂಬಿದ ಮನೆಯಲ್ಲಿ ನನಗೆ ಹೆಚ್ಚು ಒಂಟಿ ಅನ್ನಿಸಿತು.

ಶುಕ್ರವಾರ ದೇಶನೂರಿನ ಕಡೆಯ ಬಸ್ಸಿಳಿದು ಕಾಲುವೆ ಏರಿಯ ಮೇಲೆ ಒಂದು ಮೈಲಿ ನಡೆದೆವು. ಶಾಲೆ ಎರಡು ಕೋಣೆಯದು. ಹೆಡ್ ಮಾಸ್ತರರು ದೊಡ್ಡ ದೇಹದ, ಒಳ್ಳೆಯ ಗಂಟಲಿನ ಹಿರಿಯರು. ಹಾಜರಿ ಪುಸ್ತಕ ತೆಗೆದು ಹುಲಿಗೆಮ್ಮನ ಹೆಸರಿನ ಮುಂದಿನ ಖಾಲಿ ಮನೆಗಳನ್ನು ತೋರಿಸಿದರು. "ನಾನೂ ಮಕ್ಳಿರೋನ್ರಿ. ಆದ್ರ ಬರಲಾರ್ದ ಹುಡುಗೀನ ಎಷ್ಟಂತ ಪುಸ್ತಕದಾಗ ಇಟ್ಕಾಬೇಕು?" ಮಾತು ನ್ಯಾಯವಾದದ್ದೇ.

ಹೊನ್ನೂರಪ್ಪನವರು ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಹುಡುಗಿಯ ಜಾಗ ತೋರಿಸಿದರು. ಮಕ್ಕಳೆಲ್ಲ ಗೋಣಿತಾಟಿನ ಮೇಲೆ ನೆಲಕ್ಕೆ ಕೂತರೆ, ಮೇಷ್ಟ್ರ ಮೇಜಿನ ಪಕ್ಕದಲ್ಲಿ ಅವಳಿಗೊಂದು ಪುಟ್ಟ ಪೀಠ. ತಾವೇ ಬಡಿಗರಿಗೆ ಹೇಳಿ ಮಾಡಿಸಿ ನೀಲಿ ಬಣ್ಣ ಹೊಡೆಸಿದ್ದರು. ಖಾಲಿಯಿದ್ದರೂ ದಿನಾ ಧೂಳು ಒರೆಸುತ್ತಾರಂತೆ. ನನ್ನ ಬೋರ್ಡಿನ ಮೇಲಿನ ಸಣ್ಣ ಸುತ್ತು ಇಲ್ಲಿ ಮರವಾಗಿ ನಿಂತಿತ್ತು. ಬೀಗಿಹೋದೆ. ನಾನು ಹೇಳಿದ್ದನ್ನು ಇಷ್ಟು ಶ್ರದ್ಧೆಯಿಂದ ಮಾಡಿದವರು ಎಂಟು ಜಿಲ್ಲೆಯಲ್ಲಿ ಒಬ್ಬರಿರಲಿಲ್ಲ. ಪೀಠದ ಪಕ್ಕದಲ್ಲೇ, ಪಾಠ ಒಪ್ಪಿಸದ ಒಬ್ಬ ಹುಡುಗ ಎರಡು ಕಿವಿ ಹಿಡಿದು ನಿಂತಿದ್ದ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಗದ್ದ ಎತ್ತಿ ಸನ್ನೆ ಮಾಡಿದರು. ಅವನು ಹೋಗಿ ತನ್ನ ಜಾಗದಲ್ಲಿ ಕೂತ.

ಎರ್ರೆಮ್ಮನ ಮನೆ ಊರಿನ ಕೊನೆಯ ಓಣಿಯಲ್ಲಿ. ನಾಟಿ ಕೆಲಸದಿಂದ ಮಧ್ಯಾಹ್ನ ಬಂದಿದ್ದಳು, ಸೀರೆಯ ಅಂಚಿಗೆ ಇನ್ನೂ ಕೆಸರಿತ್ತು. ಮೇಷ್ಟ್ರನ್ನು ಕಂಡರೆ ಹುಡುಗಿ ಅಡಗುತ್ತಾಳೆಂದು ಅವರು ಓಣಿಯ ತುದಿಯಲ್ಲೇ ನಿಂತರು. ನಾನು ಒಬ್ಬಳೇ ಒಳಗೆ ಹೋದೆ. ಒಂದು ಗಂಟು ಆಗಲೇ ಕಟ್ಟಿಟ್ಟಿತ್ತು. ಎರಡು ಲಂಗ, ಎರಡು ಜಾಕೀಟು, ಒಂದು ಬಾಚಣಿಗೆ ಎಂದು ಎರ್ರೆಮ್ಮ ಬೆರಳೆಣಿಸಿ ಹೇಳಿದಳು. "ನಾ ಸತ್ತಮ್ಯಾಲೆ ಈಕಿ ಹೆಂಗ್ರಿ ಟೀಚರಮ್ಮ? ನಾಕು ಅಕ್ಷರ ಕಲ್ತ್ರ ಯಾರಾರ ಮನಸ್ಯಾ ಅಂತ ನೋಡ್ತಾರ. ಇಲ್ಲಿ ಆಗವಲ್ದು. ನಿಮ್ಮ ಕೈಯಾಗ ಹಾಕೀನಿ, ಕರ್ಕಂಡ್ ಹೋಗ್ರಿ." ಹೇಳುವಾಗ ಗಂಟಿನ ಮೇಲಿಟ್ಟ ಕೈ ತೆಗೆಯಲಿಲ್ಲ.

ಹುಲಿಗೆಮ್ಮ ಕಣಜದ ಹಿಂದಿನಿಂದ ಇಣುಕಿದಳು. ದೊಡ್ಡ ಕಣ್ಣಿನ, ಜಾಣ ಮುಖದ ಹುಡುಗಿ. ನಾನು ನೆಲಕ್ಕೆ ಕೂತೆ, ಬಾಗಿಲ ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ. ನಿಧಾನವಾಗಿ ಕೇಳಿದೆ: ಶಾಲೆಗೆ ಯಾಕೆ ಹೋಗೋದಿಲ್ಲ? ಅವಳು ನನ್ನ ತುಟಿಯನ್ನು ನೋಡಿದಳು. ಎದ್ದು ಬಂದು ಗೋಡೆಗೆ ಬೆನ್ನು ಕೊಟ್ಟು, ಎರಡು ಕೈಯಿಂದ ಎರಡು ಕಿವಿ ಹಿಡಿದು ನಿಂತಳು. ಆಮೇಲೆ ಒಂದು ಬೆರಳು ತೋರಿಸಿದಳು: ಒಬ್ಬ ಬಂದ, ಮೇಷ್ಟ್ರು ಗದ್ದ ಎತ್ತಿದರು, ಹೋದ. ಎರಡನೆಯ ಬೆರಳು: ಇನ್ನೊಬ್ಬ ಬಂದ, ಅವನೂ ಹೋದ. ಮೂರು, ನಾಲ್ಕು. ಎಲ್ಲರೂ ಹೋದರು. ಕೊನೆಗೆ ತನ್ನ ಎದೆಗೆ ಬೆರಳಿಟ್ಟು, ಅದೇ ಜಾಗವನ್ನು ಕಾಲಿನಿಂದ ತುಳಿದು ತೋರಿಸಿದಳು. ನಾನು ಇಲ್ಲೇ, ದಿನಾ ಇಲ್ಲೇ. ಗಟ್ಟಿಯಾದ, ಏರಿಳಿತವಿಲ್ಲದ ದನಿಯಲ್ಲಿ ಕೇಳಿದಳು: "ನಾ ಏನ್ ಮಾಡೀನಿ?"

"ಹಂಗಽ ಕೇಳ್ತಿರ್ತಾಳ್ರಿ ದಿನಾ" ಎಂದಳು ಎರ್ರೆಮ್ಮ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. "ಏನೂ ಮಾಡಿಲ್ಲಬೇ ಅಂತೀನಿ. ಆಕಿಗಿ ಎಲ್ಲಿ ಕೇಳ್ತೈತಿ?"

ಕುರುಗೋಡಿನ ನಗು ಆಗ ನನ್ನ ತಲೆಗೆ ಹೊಡೆಯಿತು. ಈ ಸೀಮೆಯ ಯಾವ ಮಗುವಿಗಾದರೂ ಗೊತ್ತಿರುವ ಸಂಗತಿ, ಮೇಜಿನ ಪಕ್ಕದ ಜಾಗ ಶಿಕ್ಷೆಯ ಜಾಗ. ಮೈಸೂರಿನ ನನ್ನ ತರಗತಿಯಲ್ಲಿ ಇರುವುದು ಎಂಟು ಮಕ್ಕಳು, ಎಲ್ಲರೂ ನನ್ನ ಸುತ್ತಲೇ. ಅಲ್ಲಿ ಯಾವ ಜಾಗಕ್ಕೂ ಅರ್ಥವಿಲ್ಲ. ನಾನು ಬೋರ್ಡಿನ ಮೇಲೆ ಬರೆದ ಸುತ್ತಿನೊಳಗೆ ಈ ಮಗು ಮೂರು ತಿಂಗಳು ಕೂತು, ತಾನು ಏನು ತಪ್ಪು ಮಾಡಿದೆನೆಂದು ಹುಡುಕಿದೆ. ಮೇಷ್ಟ್ರ ಕರುಣೆ ಹೆಚ್ಚಾದಷ್ಟೂ ಅವಳಿಗೆ ಶಿಕ್ಷೆ ಹೆಚ್ಚಾಗಿದೆ.

ಒಂದು ಮಾತು ನಿಜ ಬರೆಯುತ್ತೇನೆ. ಓಣಿಯಿಂದ ಹೊರಗೆ ಬಂದು ಮೇಷ್ಟ್ರ ಜೊತೆ ಕಾಲುವೆ ಏರಿ ಹತ್ತಿದಾಗ ನಾನು ಬಾಯಿ ಬಿಡಲಿಲ್ಲ. ಹುಡುಗಿ ಅಭಿನಯಿಸಿದ್ದನ್ನು ಅವರು ನೋಡಿರಲಿಲ್ಲ. ತಾಯಿಗೆ ಅದು ತಿಳಿದಿರಲಿಲ್ಲ. ನಾನು ಸುಮ್ಮನಿದ್ದರೆ ಸಾಕು, ಸೋಮವಾರ ಆ ಜಾಣ ಹುಡುಗಿ ನನ್ನ ಪಕ್ಕದಲ್ಲಿ ಕೂತು ಮೈಸೂರಿಗೆ ಬರುತ್ತಾಳೆ. ಚೆನ್ನಾಗಿ ಓದುತ್ತಾಳೆ, ಅದರಲ್ಲಿ ಸುಳ್ಳಿಲ್ಲ. ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ಒಂದು ಮುಖ ಇರುತ್ತದೆ. ಅರ್ಧ ಮೈಲಿ ಹೀಗೆ ಯೋಚಿಸುತ್ತ ನಡೆದೆ. ಗಂಟಿನ ಮೇಲೆ ಇಟ್ಟಿದ್ದ ಎರ್ರೆಮ್ಮನ ಕೈ ಮತ್ತೆ ಮತ್ತೆ ಕಣ್ಣಿಗೆ ಬಂತು. ನಿಂತು, ಮೇಷ್ಟ್ರಿಗೆ ಎಲ್ಲ ಹೇಳಿದೆ.

ಅವರು ಏರಿಯ ಹುಲ್ಲಿನ ಮೇಲೆ ಕೂತುಬಿಟ್ಟರು. "ನೀವೇ ಅಂದಿದ್ರಲ್ರಿ ಮೇಡಂ, ಬಾಜೂಕ ಕುಂದ್ರಸ್ರಿ ಅಂತ" ಎಂದರು. ದೂರಲಿಲ್ಲ, ಸುಮ್ಮನೆ ನೆನಪು ಮಾಡಿಕೊಂಡರು.

"ನಾನೇ ಹೇಳಿದ್ದು ಮೇಷ್ಟ್ರೇ. ತಪ್ಪು ನನ್ನದು."

"ನಾ ಅಲ್ಲೇ ಇದ್ದೆನಲ್ರಿ ದಿನಾ. ಆಕಿ ಮುಖ ನೋಡ್ತಿದ್ದೆ. ನನಗರ ತಿಳೀಬೇಕಿತ್ತು." ಎದ್ದು ಊರಿನ ಕಡೆಗೇ ತಿರುಗಿದರು.

ಅವತ್ತು ಸಂಜೆಯೇ ಮತ್ತೆ ಓಣಿಗೆ ಹೋಗಿ ಎರ್ರೆಮ್ಮನಿಗೆ ವಿಷಯ ತಿಳಿಸಿದೆವು. ಅವಳು ಕಣ್ಣೊರೆಸಿಕೊಂಡಳು, ಆದರೆ ವ್ಯವಹಾರ ಬಿಡಲಿಲ್ಲ. "ನಾಳೆ ನಾನೇ ಕೈ ಹಿಡ್ಕಂಡು ಕರ್ಕಂಡ್ ಬರ್ತೀನಿ. ಸೋಮಾರ ಆಕಿ ತಾನಽ ಬಂದ್ಲಂದ್ರ ಇಲ್ಲೇ ಓದ್ಲಿ. ಬರಲಿಲ್ಲಂದ್ರ ನಿಮ್ಮ ಜೊತಿ ಕಳಸ್ತೀನಿ. ಹೌದೇನ್ರಿ?" ಹೌದು ಎಂದೆವು.

ಶನಿವಾರ ಬೆಳಗಿನ ಶಾಲೆ. ಎರ್ರೆಮ್ಮ ಮಗಳ ರಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲಿಸಿದಳು. ಹುಡುಗಿ ನೀಲಿ ಪೀಠವನ್ನು ನೋಡಿ ಹಿಂದಕ್ಕೆ ಜಗ್ಗಿದಳು. ನೀನು ತಪ್ಪು ಮಾಡಿಲ್ಲ ಎಂದು ಕಿವಿ ಕೇಳದ ಮಗುವಿಗೆ ಎಷ್ಟು ಸಲ ಹೇಳಿದರೆ ತಿಳಿದೀತು? ಅದಕ್ಕೊಂದು ಪಾಠ ನನ್ನ ಹದಿನೇಳು ವರ್ಷದ ಅನುಭವದಲ್ಲಿ ಇರಲಿಲ್ಲ. ಹೊನ್ನೂರಪ್ಪನವರು ಕುರ್ಚಿಯಿಂದ ಎದ್ದರು. ಪೀಠವನ್ನು ತೆಗೆದು ಮೂಲೆಗಿಟ್ಟು, ಮೂವತ್ತು ಮಕ್ಕಳ ಮುಂದೆ ಮೇಜಿನ ಪಕ್ಕದ ಆ ಜಾಗದಲ್ಲಿ ನಿಂತು, ತಮ್ಮ ಎರಡು ಕಿವಿ ಹಿಡಿದುಕೊಂಡರು. ಹುಡುಗಿಯನ್ನೇ ನೋಡುತ್ತ ನಿಂತರು.

ಒಬ್ಬರೂ ನಗಲಿಲ್ಲ. ಪಕ್ಕದ ಕೋಣೆಯಿಂದ ಬಂದ ಹೆಡ್ ಮಾಸ್ತರರು "ಇದೇನ್ರಿ ಹೊನ್ನೂರಪ್ಪ, ಮಕ್ಳ ಮುಂದ ಮರ್ಯಾದಿ ಬ್ಯಾಡೇನ್ರಿ?" ಎಂದರು. ಇವರು ಕೈ ಇಳಿಸಲಿಲ್ಲ. ಹುಲಿಗೆಮ್ಮ ತಾಯಿಯ ಕೈ ಬಿಡಿಸಿಕೊಂಡು ಎರಡು ಹೆಜ್ಜೆ ಒಳಗೆ ಬಂದಳು. ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದಳು. ಯಾವ ಅವಸರವನ್ನೂ ಮಾಡಲಿಲ್ಲ. ತಾನು ಕೂತಿದ್ದ ದಿನಗಳನ್ನೆಲ್ಲ ಎಣಿಸುತ್ತಿದ್ದಾಳೇನೋ ಅನ್ನಿಸುವಷ್ಟು ಹೊತ್ತು ಅವರನ್ನು ನಿಲ್ಲಿಸಿದಳು. ಆಮೇಲೆ, ಥೇಟು ಅವರ ಹಾಗೆಯೇ, ಕುರ್ಚಿಯ ಕಡೆ ಗದ್ದ ಎತ್ತಿ ಸನ್ನೆ ಮಾಡಿದಳು. ಹೋಗು, ಕೂತುಕೋ. ಮೇಷ್ಟ್ರು ಹೋಗಿ ಕೂತರು. ಆಗ ಇಡೀ ಕೋಣೆ ನಕ್ಕಿತು, ಮೊದಲು ನಕ್ಕವಳು ಅವಳೇ.

ಉಳಿದ ಹೊತ್ತು ಗೋಣಿತಾಟುಗಳನ್ನು ಸರಿಸಿದೆವು. ಸಾಲುಗಳನ್ನು ಬಿಡಿಸಿ ಕುದುರೆ ಲಾಳದ ಹಾಗೆ ಮಕ್ಕಳನ್ನು ಕೂರಿಸಿದೆವು. ಹೀಗಾದರೆ ಮೇಷ್ಟ್ರ ಮುಖವೂ ಕಾಣುತ್ತದೆ, ಉತ್ತರ ಹೇಳುವ ಬೇರೆ ಮಕ್ಕಳ ಮುಖವೂ ಕಾಣುತ್ತದೆ. ಹುಲಿಗೆಮ್ಮ ತನ್ನ ಜಾಗವನ್ನು ತಾನೇ ಆರಿಸಿಕೊಂಡಳು: ಕಿಟಕಿಗೆ ಬೆನ್ನು ಮಾಡಿ, ತನ್ನ ಓಣಿಯ ಇನ್ನೊಬ್ಬ ಹುಡುಗಿಯ ಮಗ್ಗುಲಲ್ಲಿ. ಹೆಡ್ ಮಾಸ್ತರರು ಎಲ್ಲ ನೋಡಿ, "ಹಂಗಾದ್ರ ಇನ್ನ ಉಡಾಳ್ರನ್ನ ಎಲ್ಲಿ ನಿಂದ್ರಸೋದ್ರಿ?" ಎಂದು ಕೇಳಿದರು.

ಭಾನುವಾರ ಏನೂ ಕೆಲಸವಿಲ್ಲ. ಮೇಷ್ಟ್ರ ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ತೆಗೆದುಕೊಂಡು ಒಬ್ಬಳೇ ಕೆಂಚನಗುಡ್ಡಕ್ಕೆ ಹೋದೆ. ತುಂಗಭದ್ರೆ ಕೆಂಪಾಗಿ, ಅಗಲವಾಗಿ ಹರಿಯುತ್ತಿತ್ತು. ದಂಡೆಯ ಮೇಲೆ ಹಳೆಯ ಕಟ್ಟಡಗಳ ಗೋಡೆಗಳು ಉಳಿದಿವೆ. ಒಂದು ಕಲ್ಲಿನ ಮೇಲೆ ಕೂತು, ಸಿರುಗುಪ್ಪದಲ್ಲಿ ಕೊಂಡಿದ್ದ ಕಾರ್ಡುಗಳನ್ನು ತೆಗೆದೆ. ನಲವತ್ತೆರಡು ಮೇಷ್ಟ್ರುಗಳಿಗೂ ಒಂದೊಂದು. "ಮೇಜಿನ ಪಕ್ಕದ ಜಾಗ ಬೇಡ. ನಾನು ಹೇಳಿದ್ದು ತಪ್ಪು. ಮಗುವನ್ನು ಎಲ್ಲಿ ಕೂರಿಸಬೇಕೆಂದು ಮಗುವನ್ನೇ ಕೇಳಿ." ಬರೆದು ಬರೆದು ಬೆರಳು ಮರಗಟ್ಟಿತು. ನಡುನಡುವೆ ಗಾಳಿಗೆ ಹಾರಿದ ಕಾರ್ಡುಗಳ ಹಿಂದೆ ಓಡಿದೆ. ನದಿಯ ಆಚೆ ಯಾರೋ ಎತ್ತುಗಳ ಮೈ ತೊಳೆಯುತ್ತಿದ್ದರು. ಮಧ್ಯಾಹ್ನವೆಲ್ಲ ನನಗೆ ಕಂಡ ಮನುಷ್ಯ ಅವನೊಬ್ಬನೇ. ಕೊನೆಗೆ ಒಂದು ಕಾರ್ಡು ಉಳಿಯಿತು. ಮಂಚ ಬೇಡವೆಂದು ನಮ್ಮ ವಾರ್ಡನ್ನರಿಗೆ ಬರೆಯಬೇಕಾದದ್ದು ಅದು. ನಾಳೆ ನೋಡೋಣ ಎಂದು ಬರೆಯದೆ ಚೀಲಕ್ಕೆ ಹಾಕಿದೆ. ಹುಡುಗಿ ಬರಲಿ ಎಂದೂ, ಬಾರದಿರಲಿ ಎಂದೂ, ಎರಡನ್ನೂ ಒಂದೇ ಮನಸ್ಸಿನಲ್ಲಿ ಬೇಡಿಕೊಂಡೆ. ನಾಚಿಕೆಯಾಯಿತು.

ಸೋಮವಾರ ನನ್ನ ಬಸ್ಸು ಹನ್ನೊಂದಕ್ಕೆ. ಟ್ರಂಕನ್ನು ರಸ್ತೆಯ ಚಹಾ ಅಂಗಡಿಯಲ್ಲಿಟ್ಟು ಏರಿಯ ಮೇಲೆ ಬರುವಾಗ ಎರ್ರೆಮ್ಮ ಗದ್ದೆಯಿಂದಲೇ ಕೂಗಿ ಹೇಳಿದಳು: "ಹೋದ್ಲ್ರಿ ಟೀಚರಮ್ಮ! ಮುಂಜಾನೆದ್ದು ತಾನಽ ಎಣ್ಣಿ ಹಚ್ಚಿಸ್ಕಂಡು ಹೋದ್ಲು." ಕಂಬಳಿಯನ್ನು ಅಲ್ಲೇ ಬದುವಿನ ಮೇಲೆ ಅವಳಿಗೆ ಕೊಟ್ಟೆ. "ಈ ಸೆಕಿಯಾಗ ಕಂಬ್ಳಿ ಯಾಕ್ರಿ?" ಎಂದಳು, ಅಂಗಡಿಯವನ ಹಾಗೆಯೇ. ಚಳಿ ಬಂದೇ ಬರುತ್ತದೆ ಇಟ್ಟುಕೋ ಎಂದೆ.

ಶಾಲೆಯ ಹಿಂಬದಿಯಿಂದ ಬಂದು ಕಿಟಕಿಯ ಹತ್ತಿರ ನಿಂತೆ. ಲಾಳದ ಆಕಾರ ಸ್ವಲ್ಪ ಸೊಟ್ಟಗಾಗಿತ್ತು. ಹುಲಿಗೆಮ್ಮನ ಬೆನ್ನು ನನ್ನಿಂದ ಒಂದು ಮಾರು ದೂರದಲ್ಲಿತ್ತು. ಎಣ್ಣೆ ಹಚ್ಚಿದ ಎರಡು ಜಡೆ, ಒಂದು ಉದ್ದ ಒಂದು ಗಿಡ್ಡ. ಮೇಷ್ಟ್ರು ಪಾಠ ಓದುತ್ತಿದ್ದರು, ಪುಸ್ತಕವನ್ನು ಎದೆಗಿಂತ ಕೆಳಗೆ ಹಿಡಿದು, ಮುಖ ಕಾಣುವ ಹಾಗೆ. ಒಬ್ಬ ಹುಡುಗ ಏನೋ ಉತ್ತರ ಹೇಳಿದ. ಹುಲಿಗೆಮ್ಮನ ತಲೆ ಅವನ ಕಡೆ ತಿರುಗಿ ಮತ್ತೆ ಮೇಷ್ಟ್ರ ಕಡೆ ಬಂತು. ಮಗ್ಗುಲ ಹುಡುಗಿ ಅವಳ ಪುಸ್ತಕದಲ್ಲಿ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು.

ಬೇರೆ ಮಕ್ಕಳಾಗಿದ್ದರೆ ಕಿಟಕಿಯಿಂದ ಹೆಸರು ಹಿಡಿದು ಕರೆದು, ಬರುತ್ತೇನಮ್ಮಾ ಎಂದು ಹೇಳಿ ಹೋಗಬಹುದಿತ್ತು. ಅವರು ಒಂದು ಕಿವಿ ಪಾಠಕ್ಕೆ, ಒಂದು ಕಿವಿ ನನಗೆ ಕೊಡುತ್ತಿದ್ದರು. ಇವಳಿಗೆ ಹಾಗಾಗುವುದಿಲ್ಲ. ಮೇಷ್ಟ್ರು ನನ್ನನ್ನು ನೋಡಿದರು, ಓದುವುದನ್ನು ನಿಲ್ಲಿಸಿ ಅವಳಿಗೆ ಕಿಟಕಿಯ ಕಡೆ ತೋರಿಸಲು ಕೈ ಎತ್ತಿದರು. ಬೇಡ ಎಂದು ಸನ್ನೆ ಮಾಡಿದೆ. ನನ್ನನ್ನು ನೋಡಬೇಕಾದರೆ ಅವಳು ಪಾಠದಿಂದ ಕಣ್ಣು ತೆಗೆಯಬೇಕು.

ಮೇಷ್ಟ್ರು ಮತ್ತೆ ಓದತೊಡಗಿದರು. ಅವಳಿಗೆ ಹೇಳದೆ, ಒಬ್ಬಳೇ ಕಾಲುವೆ ಏರಿ ಹತ್ತಿ ಬಸ್ಸಿನ ಕಡೆ ನಡೆದೆ.